ಹೊಳೆ ತಡೆದರೆ ಬೇರೆ, ಕಂಪನಿ ತಡೆದರೆ ಬೇರೆ

ಬೆಳಗಾವಿ ಜಿಲ್ಲೆಯ ಕಾಗವಾಡ ತಾಲೂಕಿನಲ್ಲಿ, ಕೃಷ್ಣಾ ನದಿಯ ದಂಡೆಯ ಮೇಲೆ ಜುಗೂಳ ಎಂಬ ಊರಿದೆ. ಆಚೆಯ ದಡದಲ್ಲಿ ಮಹಾರಾಷ್ಟ್ರದ ಖಿದ್ರಾಪುರ, ಅಲ್ಲಿನ ಕೋಪೇಶ್ವರ ದೇವಾಲಯ. ಜುಗೂಳದ ಮಕ್ಕಳಿಗೆ ‘ಪರಿಹಾರ’ ಎಂಬ ಮಾತಿನ ಅರ್ಥವನ್ನು ನಿಘಂಟು ತೆರೆದು ಹೇಳಬೇಕಾಗಿಲ್ಲ. 2005, 2019, 2021ರ ಮಹಾಪೂರಗಳನ್ನು ಕಂಡ ತೀರವದು. ಬಿದ್ದ ಗೋಡೆಯ ಛಾಯಾಚಿತ್ರ ತೆಗೆಸುವುದು, ಪಟ್ಟಿಯಲ್ಲಿ ಹೆಸರು ಬರೆಸುವುದು, ಪಂಚನಾಮೆಗಾಗಿ ಕಾಯುವುದು ಅಲ್ಲಿನ ಮನೆಮನೆಗೂ ಪರಿಚಿತ. ಇದೇ ‘ಪರಿಹಾರ’ವನ್ನು ಇಂದು ಇನ್ನೊಂದು ಸಂದರ್ಭದಲ್ಲಿ ನೋಡೋಣ. ವಿಮಾನ ತಡವಾದರೆ, ರದ್ದಾದರೆ ಪ್ರಯಾಣಿಕನಿಗೆ ಸಲ್ಲಬೇಕಾದುದೇನು?

ನಮಗೂ ವಿಮಾನಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಒಂದು ಕಡೆ ಕೊಲ್ಹಾಪುರದ ಉಜಳಾಯಿವಾಡಿ, ಇನ್ನೊಂದು ಕಡೆ ಬೆಳಗಾವಿಯ ಸಾಂಬ್ರಾ, ಎರಡೂ ಕಡೆ ವಿಮಾನ ನಿಲ್ದಾಣಗಳಿವೆ. ಸಂದರ್ಶನಕ್ಕೆ ಹೊರಟ ಪದವೀಧರ, ರಜೆ ಮುಗಿಸಿ ಗಡಿಗೆ ಮರಳುವ ಸೈನಿಕ, ಚಿಕಿತ್ಸೆಗೆ ಹೋಗುವ ಹಿರಿಯರು ಇಂದು ವಿಮಾನ ಹತ್ತುತ್ತಾರೆ. ಇವರಿಗೆ ಒಂದು ಗಂಟೆಯ ಬೆಲೆ ಟಿಕೆಟ್ಟಿನ ಬೆಲೆಗಿಂತ ದೊಡ್ಡದು.

ನಮ್ಮ ನಾಡಿನದೇ ಒಂದು ಉದಾಹರಣೆ ನೋಡಿ. 2025ರ ಡಿಸೆಂಬರ್ 3ರಂದು ಹುಬ್ಬಳ್ಳಿಯಲ್ಲಿ ಒಂದು ಆರತಕ್ಷತೆ ಏರ್ಪಟ್ಟಿತ್ತು. ವಧೂವರರು ಭುವನೇಶ್ವರದಿಂದ ಬೆಂಗಳೂರು ಮಾರ್ಗವಾಗಿ ಬರಬೇಕಿತ್ತು. ವಿಮಾನದ ಸಮಯ ಮುಂದೆ ಮುಂದೆ ಹೋಗಿ ಕಡೆಗೆ ವಿಮಾನವೇ ರದ್ದಾಯಿತು. ಬಂಧುಬಳಗ ಸೇರಿಬಿಟ್ಟಿತ್ತು. ವೇದಿಕೆಯ ಮೇಲೆ ವಧೂವರರ ಜಾಗದಲ್ಲಿ ವಧುವಿನ ತಂದೆತಾಯಿ ಕುಳಿತರು. ಸಿಂಗರಿಸಿಕೊಂಡ ನವದಂಪತಿ ದೂರದ ಭುವನೇಶ್ವರದಿಂದ ಪರದೆಯ ಮೇಲೆ ಕಾಣಿಸಿಕೊಂಡು ಅತಿಥಿಗಳಿಗೆ ನಮಸ್ಕರಿಸಿದರು.

ಆ ವಾರ ಇಂಡಿಗೊ ಸಂಸ್ಥೆಯ ವಿಮಾನಗಳು ದೇಶದಾದ್ಯಂತ ರದ್ದಾದವು. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟಗಳು ನಿಂತವು. ವೈಮಾನಿಕರಿಗೆ ಹೆಚ್ಚಿನ ವಿಶ್ರಾಂತಿ ನೀಡುವ ನಿಯಮ 2024ರ ಜನವರಿಯಲ್ಲೇ ಪ್ರಕಟವಾಗಿತ್ತು. ಅದರ ಎರಡನೆಯ ಹಂತ 2025ರ ನವೆಂಬರ್ 1ರಿಂದ ಜಾರಿಗೆ ಬಂದಿತು. ತನ್ನ ಅಂದಾಜು ತಪ್ಪಿತು, ಯೋಜನೆಯಲ್ಲಿ ಲೋಪವಾಯಿತು ಎಂದು ಸಂಸ್ಥೆಯೇ ಒಪ್ಪಿಕೊಂಡಿತು.

ಇದನ್ನು ಇನ್ನೊಂದು ಸಂಗತಿಯೊಡನೆ ಹೋಲಿಸಿ. 2019ರ ಆಗಸ್ಟ್‌ನಲ್ಲಿ ನೆರೆಯಿಂದಾಗಿ ಕೊಲ್ಹಾಪುರದ ಬಳಿ ಪುಣೆ-ಬೆಂಗಳೂರು ಹೆದ್ದಾರಿ ಹಲವು ದಿನ ಮುಚ್ಚಿತ್ತು. ರಸ್ತೆ ಮುಳುಗಿ ನಾವು ನಿಲ್ದಾಣವನ್ನೇ ತಲುಪದಿದ್ದರೆ ಅದಕ್ಕೆ ವಿಮಾನ ಸಂಸ್ಥೆ ಹೊಣೆಯಲ್ಲ. ಬಿರುಮಳೆಯಲ್ಲಿ ವಿಮಾನ ಇಳಿಯಲಾಗದಿದ್ದರೂ ಅದು ಸಂಸ್ಥೆಯ ತಪ್ಪಲ್ಲ. ಹೊಳೆ ತಡೆದರೆ ಬೇರೆ, ಕಂಪನಿ ತಡೆದರೆ ಬೇರೆ. ಇಡೀ ವಿಷಯದ ತಿರುಳು ಇಷ್ಟೇ. ‘ಎಷ್ಟು ಹೊತ್ತು ತಡವಾಯಿತು’ ಎಂಬುದರ ಜೊತೆಗೇ ‘ಏಕೆ ತಡವಾಯಿತು’ ಎಂದು ಕೇಳಬೇಕು.

ಈಗ ನಿಯಮಕ್ಕೆ ಬರೋಣ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2010ರ ಆಗಸ್ಟ್‌ನಲ್ಲಿ ಹೊರಡಿಸಿ, 2016ರಲ್ಲಿ ಪರಿಷ್ಕರಿಸಿದ ನಿಯಮಾವಳಿಯೊಂದಿದೆ. ವಿಮಾನ ಕೇವಲ ತಡವಾದರೆ ಅದರಲ್ಲಿ ನಗದು ಪರಿಹಾರವಿಲ್ಲ, ಸೌಕರ್ಯವಿದೆ. ಎರಡೂವರೆ ಗಂಟೆಯೊಳಗಿನ ಹಾರಾಟವು ಎರಡು ಗಂಟೆ ತಡವಾದರೆ ಊಟ ಉಪಾಹಾರ ನೀಡಬೇಕು. ಬೆಳಗಾವಿ-ಬೆಂಗಳೂರು ಹಾರಾಟ ಈ ಗುಂಪಿಗೆ ಸೇರುತ್ತದೆ. ದೇಶದೊಳಗಿನ ಹಾರಾಟ ಆರು ಗಂಟೆಗೂ ಮೀರಿ ತಡವಾಗುವುದಾದರೆ ಬೇರೆ ವಿಮಾನ ಇಲ್ಲವೇ ಪೂರ್ಣ ಹಣ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶ ಪ್ರಯಾಣಿಕನದು. ತಡ 24 ಗಂಟೆ ಮೀರಿದರೆ ಹೋಟೆಲಿನಲ್ಲಿ ಉಚಿತ ವಸತಿ. ರಾತ್ರಿ 8ರಿಂದ ಬೆಳಗಿನ ಜಾವ 3ರ ನಡುವೆ ಹೊರಡಬೇಕಾದ ವಿಮಾನವಾದರೆ ಆರು ಗಂಟೆ ಮೀರಿದ ತಡಕ್ಕೇ ಈ ವಸತಿ ಸಲ್ಲುತ್ತದೆ.

ನಗದು ಪರಿಹಾರ ಬರುವುದು ಮುನ್ಸೂಚನೆ ಕೊಡದೆ ವಿಮಾನ ರದ್ದುಪಡಿಸಿದಾಗ. ಒಂದು ಗಂಟೆಯವರೆಗಿನ ಹಾರಾಟಕ್ಕೆ 5,000 ರೂಪಾಯಿ, ಎರಡು ಗಂಟೆಯವರೆಗೆ 7,500, ಅದಕ್ಕೂ ಮೇಲ್ಪಟ್ಟರೆ 10,000. ಇಲ್ಲವೇ ಒಂದು ಕಡೆಯ ಮೂಲ ದರಕ್ಕೆ ಇಂಧನ ಶುಲ್ಕ ಕೂಡಿಸಿದ ಮೊತ್ತ. ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಟಿಕೆಟ್ಟಿನ ಹಣದ ಮರುಪಾವತಿ ಇದರಿಂದ ಬೇರೆ. ಆದರೆ ನೆರೆ, ಹವಾಮಾನ, ಮುಷ್ಕರದಂಥ ಸಂಸ್ಥೆಯ ಕೈಮೀರಿದ ಕಾರಣವಿದ್ದರೆ ಈ ನಗದು ಇಲ್ಲ.

ಇಲ್ಲಿ ಒಂದು ಸಣ್ಣ ಸಂಗತಿ ಗಮನಿಸಿ. ಟಿಕೆಟ್ ಕೊಳ್ಳುವಾಗ ಸಂಪರ್ಕದ ವಿವರ ಕೊಡದವನಿಗೆ ನಗದು ಕೊಡಬೇಕಾಗಿಲ್ಲ ಎಂದೂ ನಿಯಮ ಹೇಳುತ್ತದೆ. ಹಳ್ಳಿಗಳಲ್ಲಿ ಎಷ್ಟೋ ಸಲ ಟಿಕೆಟ್ ತೆಗೆಸುವವರು ಏಜೆಂಟರು ಅಥವಾ ಪರಿಚಯದವರು. ದೂರವಾಣಿ ಸಂಖ್ಯೆಯೂ ಅವರದೇ ಆಗಿದ್ದರೆ ಸೂಚನೆ ಅವರಿಗೆ ಹೋಗುತ್ತದೆ. ಆದುದರಿಂದ ನಿಮ್ಮ ಸಂಖ್ಯೆಯನ್ನೇ ಬರೆಸಿ.

ಕಾರಣ ಪ್ರಕೃತಿಯದೇ ಆದರೂ ಸಂಸ್ಥೆ ಕೈಕಟ್ಟಿ ಕೂರುವಂತಿಲ್ಲ. 2007ರ ಡಿಸೆಂಬರ್‌ನಲ್ಲಿ ದೆಹಲಿಯ ಮಂಜಿನಿಂದ ಹೈದರಾಬಾದಿನ ವಿಮಾನವೊಂದು ಗಂಟೆಗಟ್ಟಲೆ ತಡವಾಯಿತು. ಈ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2011ರ ಜುಲೈನಲ್ಲಿ ತೀರ್ಪಿತ್ತಿತು. ಮಂಜಿಗೆ ಸಂಸ್ಥೆ ಹೊಣೆಯಲ್ಲವೆಂದು ಪರಿಹಾರವನ್ನು ತಳ್ಳಿಹಾಕಿತು. ಆದರೆ ಕಡಿಮೆ ದರದ ವಿಮಾನವೇ ಆಗಿರಲಿ, ಸಿಕ್ಕಿಹಾಕಿಕೊಂಡ ಪ್ರಯಾಣಿಕರ ಕನಿಷ್ಠ ಯೋಗಕ್ಷೇಮ ನೋಡುವ ಕರ್ತವ್ಯ ಸಂಸ್ಥೆಯದೇ ಎಂದೂ ಹೇಳಿತು.

ಯುರೋಪಿನಲ್ಲಿ ಮಾತು ಇನ್ನಷ್ಟು ಮುಂದೆ ಹೋಯಿತು. ಅಲ್ಲಿನ 2004ರ ನಿಯಮವು ರದ್ದತಿಗೆ ದೂರಕ್ಕೆ ತಕ್ಕಂತೆ 250ರಿಂದ 600 ಯೂರೋ ಪರಿಹಾರ ಗೊತ್ತುಪಡಿಸಿತು. ಮೂರು ಗಂಟೆ ತಡವಾಗಿ ತಲುಪಿದವರಿಗೂ ಅದು ಸಲ್ಲಬೇಕೆಂದು 2009ರಲ್ಲಿ ಅಲ್ಲಿನ ನ್ಯಾಯಾಲಯ ತೀರ್ಮಾನಿಸಿತು. ಕೈಮೀರಿದ ಕಾರಣಕ್ಕೆ ಅಲ್ಲಿಯೂ ವಿನಾಯಿತಿ ಉಂಟು.

ಹಾಗಾದರೆ ನಮ್ಮಲ್ಲಿ ತಡದಿಂದ ನಷ್ಟವಾದವನಿಗೆ ದಾರಿಯೇ ಇಲ್ಲವೇ? ಇದೆ, ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈ 20ರಿಂದ ಜಾರಿಗೆ ಬಂದಿತು. ಅದರ ಒಂದು ಅನುಕೂಲ ನಮ್ಮಂಥ ದೂರದ ಊರಿನವರಿಗೆ ಬಹಳ ದೊಡ್ಡದು. ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಿಮಾನ ದೆಹಲಿಯಲ್ಲಿ ತಡವಾಗಿರಲಿ, ಸಂಸ್ಥೆಯ ಕಚೇರಿ ಎಲ್ಲಿಯೇ ಇರಲಿ, ಜುಗೂಳದವರು ಬೆಳಗಾವಿಯಲ್ಲಿ ದೂರು ಸಲ್ಲಿಸಬಹುದು. ವಕೀಲರು ಇರಲೇಬೇಕೆಂದಿಲ್ಲ. ಕೊಟ್ಟ ಹಣ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ. ಎರಡು ವರ್ಷದ ಒಳಗೆ ದೂರು ಕೊಡಬೇಕು. ಅದಕ್ಕೂ ಮೊದಲು ಸಂಸ್ಥೆಗೆ ಪತ್ರ ಬರೆಯಿರಿ. ಸಲಹೆ ಬೇಕಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಶೇಡಬಾಳದಲ್ಲೋ ಉಗಾರದಲ್ಲೋ ರೈಲು ಹತ್ತುವ ನಿಮಗೂ ಇದು ಸಂಬಂಧಿಸಿದ್ದೇ. 2016ರಲ್ಲಿ ಅಜ್ಮೀರ್-ಜಮ್ಮು ರೈಲು ನಾಲ್ಕು ಗಂಟೆ ತಡವಾಗಿ, ಒಂದು ಕುಟುಂಬಕ್ಕೆ ಜಮ್ಮುವಿನಿಂದ ಶ್ರೀನಗರಕ್ಕೆ ಹೋಗುವ ವಿಮಾನ ತಪ್ಪಿತು. ಅವರು ಟ್ಯಾಕ್ಸಿ ಹಿಡಿದು ಹೋಗಬೇಕಾಯಿತು. ತಡಕ್ಕೆ ಕಾರಣವನ್ನು ರೈಲ್ವೆ ತೋರಿಸಿಕೊಡಲಿಲ್ಲವಾದ್ದರಿಂದ ಅದು ಪರಿಹಾರ ಕೊಡಲೇಬೇಕೆಂದು 2021ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು.

ಆದ್ದರಿಂದ ದಾಖಲೆ ಮುಖ್ಯ. ಪ್ರಯೋಗಶಾಲೆಯಲ್ಲಿ ನೀವು ಸಮಯ, ಅಳತೆ, ಕಾರಣ ಬರೆದಿಡುವುದಿಲ್ಲವೇ? ಅದೇ ಕ್ರಮ ಇಲ್ಲಿಯೂ ಸಾಕು. ಟಿಕೆಟ್, ಬೋರ್ಡಿಂಗ್ ಪಾಸ್, ಬಂದ ಸಂದೇಶಗಳನ್ನು ಕಾಪಾಡಿ. ಸೂಚನಾ ಫಲಕದ ಚಿತ್ರ ತೆಗೆಯಿರಿ. ಊಟ, ವಸತಿ, ಟ್ಯಾಕ್ಸಿಯ ರಸೀದಿ ಇಟ್ಟುಕೊಳ್ಳಿ. ಸಿಬ್ಬಂದಿಯ ಮೇಲೆ ರೇಗುವುದರ ಬದಲು ತಡದ ಕಾರಣವನ್ನು ಬರವಣಿಗೆಯಲ್ಲಿ ಕೇಳಿ.

ಹುಬ್ಬಳ್ಳಿಯ ಆ ಸಂಜೆಯನ್ನು ಯಾವ ಮೊತ್ತವೂ ಮರಳಿ ತರದು, ನಿಜ. ಆದರೆ ನೆರೆ ಬಂದಾಗ ಸಿಗುವ ಪರಿಹಾರ ಕಷ್ಟಕ್ಕೆ ಒದಗುವ ಆಸರೆ. ಇಲ್ಲಿ ಸಿಗುವುದು ಮಾತು ತಪ್ಪಿದವನು ತೀರಿಸಬೇಕಾದ ಬಾಕಿ. ಬಾಕಿಯನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ಹಾಗೆಯೇ, ಬಾಕಿಯಿಲ್ಲದ ಕಡೆ ಕೇಳಬಾರದು.