ಅಲ್ಪಸಂಖ್ಯಾತರ ಆರೋಗ್ಯಕ್ಕೊಂದು ಸರಕಾರಿ ಕಚೇರಿ: ಅಮೆರಿಕದ ಅನುಭವ ನಮಗೆ ಹೇಳುವುದೇನು?

(ಸಂಸ್ಥೆಯ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಶಿಕ್ಷಣ ಸಂಸ್ಥೆಯ ವೇದಿಕೆಯಲ್ಲಿ ಆರೋಗ್ಯದ ವಿಷಯವೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ನಾನು ವೈದ್ಯನಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಶಾಲಾ ಶಿಕ್ಷಕ. ಆದರೆ ವಾರಗಟ್ಟಲೆ ಶಾಲೆಗೆ ಬಾರದ ಮಗುವಿನ ಹಿಂದೆ ಎಷ್ಟೋ ಸಲ ಮನೆಯವರೊಬ್ಬರ ಕಾಯಿಲೆ ಇರುತ್ತದೆ ಎಂಬುದು ಪ್ರತಿಯೊಬ್ಬ ಶಿಕ್ಷಕನಿಗೂ ಗೊತ್ತು. ತಂದೆ ಹಾಸಿಗೆ ಹಿಡಿದರೆ ಮಗ ಗ್ಯಾರೇಜಿಗೆ ಹೋಗುತ್ತಾನೆ. ತಾಯಿ ಹಾಸಿಗೆ ಹಿಡಿದರೆ ಮಗಳು ಒಲೆಯ ಮುಂದೆ ಕೂರುತ್ತಾಳೆ. ಶಿಕ್ಷಣವೂ ಆರೋಗ್ಯವೂ ಬೇರೆ ಬೇರೆ ವಿಷಯಗಳಲ್ಲ.

ನಮ್ಮ ಸಭೆಗಳಲ್ಲಿ "ಸರಕಾರ ನಮಗಾಗಿ ಒಂದು ಪ್ರತ್ಯೇಕ ಕಚೇರಿ ತೆರೆಯಬೇಕು" ಎಂಬ ಬೇಡಿಕೆ ಆಗಾಗ ಕೇಳಿಬರುತ್ತದೆ. ಅಂಥ ಕಚೇರಿಯಿಂದ ಏನಾಗುತ್ತದೆ, ಏನಾಗುವುದಿಲ್ಲ? ಇದನ್ನು ತಿಳಿಯಲು ಒಂದು ನಿಜವಾದ ಉದಾಹರಣೆಯನ್ನು ನಿಮ್ಮ ಮುಂದಿಡುತ್ತೇನೆ. ಅದು ಅಮೆರಿಕದ್ದು.

ಅಮೆರಿಕದಲ್ಲಿ ಕಪ್ಪು ಜನರಿಗೂ ಬಿಳಿಯರಿಗೂ ಬೇರೆ ಬೇರೆ ಆಸ್ಪತ್ರೆ, ಬೇರೆ ಬೇರೆ ವಾರ್ಡು ಇದ್ದ ಕಾಲವೊಂದಿತ್ತು. 1964ರ ನಾಗರಿಕ ಹಕ್ಕುಗಳ ಕಾಯ್ದೆ ಇದನ್ನು ನಿಷೇಧಿಸಿತು. 1966ರಲ್ಲಿ ಹಿರಿಯ ನಾಗರಿಕರ ಆರೋಗ್ಯ ವಿಮೆಯಾದ ಮೆಡಿಕೇರ್ ಜಾರಿಗೆ ಬಂದಾಗ, ಭೇದ ಮಾಡುವ ಆಸ್ಪತ್ರೆಗೆ ಈ ಯೋಜನೆಯ ಹಣ ಇಲ್ಲ ಎಂದು ಸರಕಾರ ಹೇಳಿತು. ಹಣದ ಮಾತು ಬಂದಾಗ ಕೆಲವೇ ತಿಂಗಳಲ್ಲಿ ಸಾವಿರಕ್ಕೂ ಹೆಚ್ಚು ಆಸ್ಪತ್ರೆಗಳು ತಮ್ಮ ಬಾಗಿಲನ್ನು ಎಲ್ಲರಿಗೂ ತೆರೆದವು. ಇನ್ನು ಎಲ್ಲವೂ ಸರಿಹೋಯಿತು ಎಂದೇ ಬಹಳ ಜನ ಭಾವಿಸಿದರು.

ಆದರೆ ಸರಿಹೋಗಿರಲಿಲ್ಲ. ಅಲ್ಲಿನ ಆರೋಗ್ಯ ಇಲಾಖೆ ದೇಶದ ಜನರ ಆರೋಗ್ಯ ಸ್ಥಿತಿಯ ಬಗ್ಗೆ ಅಂಕಿ ಅಂಶಗಳ ವರದಿ ಪ್ರಕಟಿಸುತ್ತದೆ. ಆಗಿನ ಆರೋಗ್ಯ ಸಚಿವೆ ಮಾರ್ಗರೆಟ್ ಹೆಕ್ಲರ್ 1983ರ ವರದಿಯನ್ನು ನೋಡಿದಾಗ, ಇಡೀ ದೇಶದ ಆಯುಷ್ಯ ಹೆಚ್ಚುತ್ತಿದ್ದರೂ ಕಪ್ಪು ಜನರು ಬಹಳ ಹಿಂದೆ ಉಳಿದಿರುವುದು ಅವರ ಗಮನಕ್ಕೆ ಬಂತು. 1983ರಲ್ಲಿ ಬಿಳಿಯರ ಸರಾಸರಿ ಆಯುಷ್ಯ 75.2 ವರ್ಷ, ಕಪ್ಪು ಜನರದು 69.6 ವರ್ಷ. ಐದೂವರೆ ವರ್ಷಕ್ಕೂ ಹೆಚ್ಚಿನ ಅಂತರ! ಕಾನೂನು ಬಾಗಿಲು ತೆರೆದು ಸುಮಾರು ಎರಡು ದಶಕ ಕಳೆದ ಮೇಲಿನ ಮಾತು ಇದು.

1984ರಲ್ಲಿ ಹೆಕ್ಲರ್ ಒಂದು ಕಾರ್ಯಪಡೆ ರಚಿಸಿದರು. ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಉಪನಿರ್ದೇಶಕರಾಗಿದ್ದ ಡಾ. ಥಾಮಸ್ ಮಲೋನ್ ಅದರ ಅಧ್ಯಕ್ಷರು. 1985ರಲ್ಲಿ ವರದಿ ಹೊರಬಂತು. ಜನ ಅದನ್ನು ಹೆಕ್ಲರ್ ವರದಿ ಎಂದೇ ಕರೆಯುತ್ತಾರೆ.

ಆ ವರದಿ ಒಂದು ಸರಳವಾದ ಲೆಕ್ಕ ಮಾಡಿತು. ವಿದ್ಯಾರ್ಥಿಗಳೇ, ಇದನ್ನು ಗಮನವಿಟ್ಟು ಕೇಳಿ. ಅಲ್ಪಸಂಖ್ಯಾತರ ಸಾವಿನ ಪ್ರಮಾಣ ಬಿಳಿಯರಷ್ಟೇ ಇದ್ದಿದ್ದರೆ ಎಷ್ಟು ಜನ ಸಾಯುತ್ತಿದ್ದರು? ನಿಜವಾಗಿ ಎಷ್ಟು ಜನ ಸತ್ತರು? ಎರಡರ ನಡುವಿನ ವ್ಯತ್ಯಾಸವನ್ನು "ಹೆಚ್ಚುವರಿ ಸಾವು" ಎಂದು ಕರೆದರು. ಅದು ವರ್ಷಕ್ಕೆ ಸುಮಾರು 60,000 ಎಂದು ಲೆಕ್ಕ ಬಂತು. ಈ ಸಾವುಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಆರೇ ಕಾರಣಗಳಿಂದ ಆದವು: ಕ್ಯಾನ್ಸರ್, ಹೃದ್ರೋಗ ಮತ್ತು ಪಾರ್ಶ್ವವಾಯು, ಮದ್ಯ ಮತ್ತಿತರ ವ್ಯಸನಗಳಿಂದ ಬರುವ ರೋಗ, ಸಕ್ಕರೆ ಕಾಯಿಲೆ, ಕೊಲೆ ಮತ್ತು ಅಪಘಾತ, ಶಿಶುಮರಣ. ಅಲ್ಲಿಯವರೆಗೆ "ನಮಗೆ ಅನ್ಯಾಯವಾಗುತ್ತಿದೆ" ಎಂಬುದು ಒಂದು ದೂರು ಮಾತ್ರವಾಗಿತ್ತು. ಈ ಲೆಕ್ಕ ಬಂದ ಮೇಲೆ ಅದನ್ನು ಯಾರೂ ತಳ್ಳಿಹಾಕುವಂತಿರಲಿಲ್ಲ.

ವರದಿಯ ಫಲವಾಗಿ 1986ರಲ್ಲಿ ಆರೋಗ್ಯ ಇಲಾಖೆಯೊಳಗೆ ಅಲ್ಪಸಂಖ್ಯಾತರ ಆರೋಗ್ಯ ಕಚೇರಿ ಸ್ಥಾಪನೆಯಾಯಿತು. ಡಾ. ಹರ್ಬರ್ಟ್ ನಿಕೆನ್ಸ್ ಅದರ ಮೊದಲ ನಿರ್ದೇಶಕರು. ಅದು ಹುಟ್ಟಿದ್ದು ಸಚಿವಾಲಯದ ಆದೇಶದಿಂದ. 1990ರಲ್ಲಿ ಸಂಸತ್ತು ಕಾಯ್ದೆ ಮಾಡಿ ಅದಕ್ಕೆ ಶಾಸನದ ಬಲ ಕೊಟ್ಟಿತು. ರಾಜ್ಯಗಳ ಮಟ್ಟದಲ್ಲಿ ಒಹಾಯೊ ಮೊದಲಿನದು. ಅಲ್ಲಿ 1987ರಲ್ಲೇ ಅಲ್ಪಸಂಖ್ಯಾತರ ಆರೋಗ್ಯ ಆಯೋಗ ರಚನೆಯಾಯಿತು.

ಈ ಕಚೇರಿಯಲ್ಲಿ ಯಾರಿಗೂ ಚುಚ್ಚುಮದ್ದು ಕೊಡುವುದಿಲ್ಲ, ಮಾತ್ರೆ ಹಂಚುವುದಿಲ್ಲ. ಪ್ರತ್ಯೇಕ ಕಚೇರಿ ಎಂದರೆ ಪ್ರತ್ಯೇಕ ಆಸ್ಪತ್ರೆಯಲ್ಲ. ಎಲ್ಲರಿಗೂ ಇರುವ ಆಸ್ಪತ್ರೆ ನಿಜವಾಗಿ ಎಲ್ಲರಿಗೂ ತಲುಪುತ್ತಿದೆಯೇ ಎಂದು ನೋಡುವುದು ಅದರ ಕೆಲಸ. ಅಂಕಿ ಅಂಶ ಸೇರಿಸುವುದು, ಬೇರೆ ಬೇರೆ ಇಲಾಖೆಗಳನ್ನು ಎಚ್ಚರಿಸುವುದು, ಸ್ಥಳೀಯ ಸಂಘ ಸಂಸ್ಥೆಗಳಿಗೆ ಅನುದಾನ ಕೊಡುವುದು, ಭಾಷೆಯ ತೊಡಕನ್ನು ನಿವಾರಿಸುವುದು ಇವು ಮುಖ್ಯವಾದವು.

ಭಾಷೆ ಕಲಿಸುವವನಾದ್ದರಿಂದ ಕೊನೆಯದರ ಬಗ್ಗೆ ಎರಡು ಮಾತು ಹೆಚ್ಚು ಹೇಳುತ್ತೇನೆ. 1980ರಲ್ಲಿ ಫ್ಲೋರಿಡಾದಲ್ಲಿ 18 ವರ್ಷದ ಯುವಕನೊಬ್ಬನನ್ನು ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದರು. ಅವನ ಮನೆಯವರು ಸ್ಪ್ಯಾನಿಷ್ ಮಾತಾಡುವವರು. ಅವರು "ಇಂತೋಕ್ಸಿಕಾದೊ" ಎಂದರು. ತಿಂದದ್ದೇನೋ ವಿಷವಾಗಿದೆ ಎಂಬುದು ಅವರ ಅರ್ಥ. ವೈದ್ಯರು ಇಂಗ್ಲಿಷಿನ "ಇಂಟಾಕ್ಸಿಕೇಟೆಡ್" ಎಂದು ತಿಳಿದು, ಮಾದಕ ದ್ರವ್ಯ ಸೇವಿಸಿದ್ದಾನೆ ಎಂದು ಚಿಕಿತ್ಸೆ ಮಾಡಿದರು. ನಿಜವಾಗಿ ಅವನ ಮೆದುಳಿನಲ್ಲಿ ರಕ್ತಸ್ರಾವವಾಗಿತ್ತು. ಅದು ತಿಳಿಯುವ ಹೊತ್ತಿಗೆ ಕಾಲ ಮೀರಿತ್ತು. ಅವನ ಕೈಕಾಲುಗಳೆಲ್ಲ ಸ್ವಾಧೀನ ತಪ್ಪಿದವು. ಒಂದು ಪದದ ತಪ್ಪು ತಿಳಿವಳಿಕೆ ಒಂದು ಜೀವನವನ್ನೇ ಮುರಿಯಿತು.

ಇದು ದೂರದ ಕಥೆ ಎನ್ನಬೇಡಿ. ನಮ್ಮ ಮನೆಗಳಲ್ಲಿ ತಾಯಂದಿರು "ಘಬರಾಹಟ್ ಹೋರಹೀ" ಎನ್ನುತ್ತಾರೆ. ಎದೆ ಡವಗುಟ್ಟುವುದು, ಉಸಿರು ಕಟ್ಟಿದಂತಾಗುವುದು, ಜೀವಕ್ಕೆ ಚೈನಿಲ್ಲದಿರುವುದು, ಇವೆಲ್ಲ ಆ ಒಂದು ಮಾತಿನಲ್ಲಿದೆ. ಜೊತೆಗೆ ಹೋದ ಹುಡುಗ ಅದನ್ನು ಕನ್ನಡದಲ್ಲಿ "ಅಮ್ಮಿಗೆ ಗಾಬರಿ ಆಗುತ್ತಿದೆ ಸಾರ್" ಎಂದು ಹೇಳುತ್ತಾನೆ. ಕನ್ನಡದ ಗಾಬರಿ ಎಂದರೆ ಭಯ. "ಹೆದರಬೇಡಿ ಅಮ್ಮ, ಧೈರ್ಯವಾಗಿರಿ" ಎಂದು ವೈದ್ಯರು ಕಳಿಸಿಬಿಟ್ಟರೆ ತಪ್ಪು ಯಾರದು? ವೈದ್ಯರದಲ್ಲ, ಹುಡುಗನದೂ ಅಲ್ಲ. ನಡುವೆ ಇರಬೇಕಾದ ಒಬ್ಬ ಮನುಷ್ಯ ಅಲ್ಲಿಲ್ಲ, ಅಷ್ಟೇ. ಅಲ್ಲದೆ ತಾಯಿಯೊಬ್ಬಳು ತನ್ನ ಮುಟ್ಟಿನ ತೊಂದರೆಯನ್ನು ಹನ್ನೆರಡು ವರ್ಷದ ಮಗನ ಬಾಯಿಂದ ಹೇಳಿಸುವುದುಂಟೇ? ಹೇಳದೆಯೇ ಹಿಂದಿರುಗುತ್ತಾಳೆ.

ಅಮೆರಿಕದ ಕಚೇರಿ 2000ದಲ್ಲಿ ರೋಗಿಯ ಭಾಷೆ ಮತ್ತು ಸಂಸ್ಕೃತಿಗೆ ತಕ್ಕ ಸೇವೆ ಹೇಗಿರಬೇಕೆಂದು 14 ಮಾನದಂಡಗಳನ್ನು ಪ್ರಕಟಿಸಿತು. 2013ರಲ್ಲಿ ಅವನ್ನು ಪರಿಷ್ಕರಿಸಿ 15 ಮಾಡಿತು. ಸರಕಾರದ ಹಣ ಪಡೆಯುವ ಆಸ್ಪತ್ರೆ, ತುರ್ತು ಸಂದರ್ಭ ಬಿಟ್ಟರೆ, ಮಕ್ಕಳನ್ನು ದುಭಾಷಿಗಳನ್ನಾಗಿ ಬಳಸಬಾರದು ಎಂಬ ನಿಯಮವೂ 2016ರಲ್ಲಿ ಅಲ್ಲಿ ಬಂತು.

ಹಾಗಾದರೆ ಅಂತರ ಹೋಯಿತೇ? ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಇಲ್ಲ. 1980ರ ದಶಕದ ಆರಂಭದಲ್ಲಿ ಅಲ್ಲಿ ಹುಟ್ಟುವ ಪ್ರತಿ ಸಾವಿರ ಕಪ್ಪು ಶಿಶುಗಳಲ್ಲಿ ಸುಮಾರು 20 ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಬಿಳಿಯರಲ್ಲಿ ಸುಮಾರು 10. 2022ರಲ್ಲಿ ಕಪ್ಪು ಶಿಶುಗಳ ಪ್ರಮಾಣ 10.9, ಬಿಳಿಯ ಶಿಶುಗಳದು 4.5. ಎರಡೂ ಕಡೆ ಸಾವು ಅರ್ಧಕ್ಕಿಳಿದಿದೆ, ಸಂತೋಷ. ಆದರೆ ಒಂದಕ್ಕೆ ಎರಡು ಎಂಬ ಅನುಪಾತ ಕರಗಲಿಲ್ಲ. ಹೆಕ್ಲರ್ ವರದಿ ಅರಿವು ಮೂಡಿಸುವುದಕ್ಕೆ ಒತ್ತು ಕೊಟ್ಟಿತೇ ಹೊರತು ಹೆಚ್ಚಿನ ಹಣ ಕೇಳಲಿಲ್ಲ ಎಂಬ ಟೀಕೆ ಆಗಲೇ ಬಂದಿತ್ತು. ಬಡತನ, ವಸತಿ, ಉದ್ಯೋಗ ಇವೆಲ್ಲ ಒಂದು ಕಚೇರಿಯ ಮೇಜಿನ ಮೇಲೆ ಬಗೆಹರಿಯುವ ಪ್ರಶ್ನೆಗಳಲ್ಲ.

ನಂಬಿಕೆಯ ಪ್ರಶ್ನೆಯೂ ಇದೆ. 1932ರಿಂದ 1972ರವರೆಗೆ ಟಸ್ಕೀಗಿಯಲ್ಲಿ ಸರಕಾರದ ಆರೋಗ್ಯ ಸೇವೆಯೇ ಸಿಫಿಲಿಸ್ ಇದ್ದ 399 ಬಡ ಕಪ್ಪು ಪುರುಷರಿಗೆ ಚಿಕಿತ್ಸೆ ಕೊಡದೆ ರೋಗ ಹೇಗೆ ಬೆಳೆಯುತ್ತದೆ ಎಂದು ನೋಡುತ್ತ ಕುಳಿತಿತ್ತು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. 1997ರಲ್ಲಿ ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೇಳಿದರು. ಅಷ್ಟು ದೊಡ್ಡ ಗಾಯ ಒಂದು ನಾಮಫಲಕದಿಂದ ಮಾಯುವುದಿಲ್ಲ.

ಇನ್ನೊಂದು ಪಾಠವನ್ನು ಇತ್ತೀಚಿನ ದಿನಗಳು ಕಲಿಸಿವೆ. 2010ರ ಆರೋಗ್ಯ ಕಾಯ್ದೆಯು ಇನ್ನೂ ಆರು ಸಂಸ್ಥೆಗಳಲ್ಲಿ ಇಂಥ ಕಚೇರಿಗಳಿರಬೇಕೆಂದು ವಿಧಿಸಿತ್ತು. 2025ರ ಏಪ್ರಿಲ್‌ನಲ್ಲಿ ಆರೋಗ್ಯ ಇಲಾಖೆಯಲ್ಲಿ ಸಾವಿರಾರು ನೌಕರರನ್ನು ತೆಗೆದಾಗ ಈ ಕಚೇರಿಗಳಿಗೂ ದೊಡ್ಡ ಪೆಟ್ಟು ಬಿತ್ತು. ಅದಕ್ಕೂ ಮೊದಲು, ಇಂಗ್ಲಿಷ್ ಬಾರದವರಿಗೆ ಸರಕಾರಿ ಸೇವೆ ತಲುಪಬೇಕೆಂದು 2000ದಲ್ಲಿ ಹೊರಡಿಸಿದ್ದ ಅಧ್ಯಕ್ಷರ ಆದೇಶವನ್ನು ಮಾರ್ಚ್‌ನಲ್ಲಿ ರದ್ದುಮಾಡಲಾಯಿತು. ಆದೇಶ ಕೊಟ್ಟದ್ದನ್ನು ಇನ್ನೊಂದು ಆದೇಶ ಕಿತ್ತುಕೊಳ್ಳಬಲ್ಲದು. ಆದರೆ ಸಮುದಾಯ ತಾನೇ ಬೆಳೆಸಿದ ವೈದ್ಯರನ್ನು, ದಾದಿಯರನ್ನು, ಲೆಕ್ಕ ಬಲ್ಲವರನ್ನು ಯಾವ ಆದೇಶವೂ ಕಿತ್ತುಕೊಳ್ಳಲಾರದು.

ಈ ಕಚೇರಿ ಹುಟ್ಟುವ ಎಪ್ಪತ್ತು ವರ್ಷ ಮೊದಲೇ, 1915ರಲ್ಲಿ, ಬುಕರ್ ಟಿ. ವಾಷಿಂಗ್ಟನ್ ಎಂಬ ಶಿಕ್ಷಣತಜ್ಞರು ಕಪ್ಪು ಜನರ ಆರೋಗ್ಯ ಸಪ್ತಾಹವನ್ನು ಆರಂಭಿಸಿದ್ದರು. ಗಮನಿಸಿ, ಅವರೂ ವೈದ್ಯರಲ್ಲ, ಶಾಲೆ ಕಟ್ಟಿದವರು. 1910ರ ಒಂದು ವರದಿಯ ನಂತರ ಅಲ್ಲಿನ ಏಳು ಕಪ್ಪು ವೈದ್ಯಕೀಯ ಕಾಲೇಜುಗಳಲ್ಲಿ ಐದು ಮುಚ್ಚಿಹೋದವು. ಹೋವರ್ಡ್ ಮತ್ತು ಮೆಹರಿ ಎಂಬ ಎರಡೇ ಉಳಿದವು. ದಶಕಗಳ ಕಾಲ ಕಪ್ಪು ವೈದ್ಯರಲ್ಲಿ ಬಹುಪಾಲು ಜನ ಆ ಎರಡೇ ಕಾಲೇಜುಗಳಿಂದ ಬಂದರು. ಕಚೇರಿಗೆ ಮೊದಲು ಶಾಲೆ ಇತ್ತು.

ನಮ್ಮ ದೇಶಕ್ಕೆ ಬರೋಣ. ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ 2006ರ ನವೆಂಬರ್‌ನಲ್ಲಿ ಕೊಟ್ಟ ವರದಿಯ ಶಿಕ್ಷಣ ಮತ್ತು ಉದ್ಯೋಗದ ಅಂಕಿಗಳನ್ನು ನೀವೆಲ್ಲ ಕೇಳಿದ್ದೀರಿ. ಅದರ ಆರೋಗ್ಯ ಅಧ್ಯಾಯವನ್ನು ಓದಿದವರು ಕಡಿಮೆ. ಬಡತನವಿದ್ದರೂ ಮುಸ್ಲಿಮರಲ್ಲಿ ಶಿಶುಮರಣ ಮತ್ತು ಬಾಲಮರಣ ದೇಶದ ಸರಾಸರಿಗಿಂತ ಕಡಿಮೆ ಎಂದು ಅದು ಕಂಡುಕೊಂಡಿತು! ನಾವು ಊಹಿಸುವುದೇ ಬೇರೆ, ಲೆಕ್ಕ ಹೇಳುವುದೇ ಬೇರೆ. ಎಣಿಸದೆ ಅಳುವುದೂ ತಪ್ಪು, ಎಣಿಸದೆ ಸುಮ್ಮನಿರುವುದೂ ತಪ್ಪು.

ಆದ್ದರಿಂದ ಸಂಸ್ಥೆಯ ಸದಸ್ಯರಲ್ಲಿ ಮೂರು ವಿನಂತಿ. ಮೊದಲನೆಯದು, ಮನವಿಪತ್ರ ಬರೆಯುವ ಮೊದಲು ನಮ್ಮ ಊರಿನ ಲೆಕ್ಕ ಸೇರಿಸೋಣ. ನಮ್ಮ ಮೊಹಲ್ಲಾಗಳಲ್ಲಿ ಎಷ್ಟು ಮಕ್ಕಳಿಗೆ ಎಲ್ಲ ಲಸಿಕೆಗಳೂ ಆಗಿವೆ, ಎಷ್ಟು ಹಿರಿಯರು ಸಕ್ಕರೆ ಪರೀಕ್ಷೆ ಮಾಡಿಸಿದ್ದಾರೆ? ಸರಕಾರದ ಬಳಿ ಇರುವ ಅಂಕಿಗಳನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿಗೆ ಕೇಳಬಹುದು. ಎರಡನೆಯದು, ವಾರದಲ್ಲಿ ಒಂದು ದಿನ ತಾಲೂಕು ಆಸ್ಪತ್ರೆಯಲ್ಲಿ ಉರ್ದುವನ್ನು ಸರಿಯಾಗಿ ಕನ್ನಡದಲ್ಲಿ ಹೇಳಬಲ್ಲ ಒಬ್ಬ ವಯಸ್ಕ ಮಹಿಳೆ ಕೂರುವಂತೆ, ವೈದ್ಯಾಧಿಕಾರಿಗಳ ಅನುಮತಿ ಪಡೆದು, ವ್ಯವಸ್ಥೆ ಮಾಡೋಣ. ಇದಕ್ಕೆ ಬೇಕಾದ ಪದಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಿ ತಿದ್ದಿಸುವ ಕೆಲಸಕ್ಕೆ ನಾನು ಸಿದ್ಧ. ಮೂರನೆಯದು, ನಮ್ಮ ವಿದ್ಯಾರ್ಥಿವೇತನದಲ್ಲಿ ಎಂ.ಬಿ.ಬಿ.ಎಸ್. ಜೊತೆಗೆ ನರ್ಸಿಂಗ್, ಪ್ರಯೋಗಾಲಯ ತಂತ್ರಜ್ಞಾನ, ಸಂಖ್ಯಾಶಾಸ್ತ್ರ ಓದುವವರಿಗೂ ಪಾಲಿರಲಿ.

ವಿದ್ಯಾರ್ಥಿಗಳೇ, 60,000 ಎಂಬ ಆ ಸಂಖ್ಯೆಯನ್ನು ಯಾರೋ ಕುಳಿತು ಲೆಕ್ಕ ಹಾಕಿದ್ದರಿಂದ ಒಂದು ದೇಶದ ಸರಕಾರ ಒಂದು ಕಚೇರಿ ತೆರೆಯಬೇಕಾಯಿತು. ಗಣಿತದ ಪೀರಿಯಡ್ಡಿನಲ್ಲಿ ಶೇಕಡಾವಾರು ಲೆಕ್ಕ ಬೇಸರ ತಂದಾಗ ಇದನ್ನು ನೆನಪಿಸಿಕೊಳ್ಳಿ. ಕಚೇರಿ ಬೇಕು ಎಂದು ಕೇಳುವ ಹಕ್ಕು ನಮಗಿದೆ, ಕೇಳೋಣ. ಕೇಳುವಾಗ ಕೈಯಲ್ಲಿ ಲೆಕ್ಕದ ಪುಸ್ತಕವೂ ಇರಲಿ.