ಮಗುವಿನ ಮಾನವೂ ಸಿಗರೇಟಿನ ವ್ಯಾಪಾರವೂ
(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಅಮೆರಿಕದ ಕಪ್ಪು ಜನರ ಮಕ್ಕಳು ಸಿಗರೇಟು ಸೇದುವುದೇಕೆ ಎಂದರೆ ಕೆಲವರ ಬಳಿ ಸಿದ್ಧ ಉತ್ತರವಿದೆ: ಆ ಮಕ್ಕಳಿಗೆ ತಮ್ಮ ಮೇಲೆ ತಮಗೇ ಗೌರವವಿಲ್ಲ, ಅದಕ್ಕೇ ಈ ಚಟ. ಕೇಳುವುದಕ್ಕೆ ಕನಿಕರದ ಮಾತು. ಆದರೆ ಮಗುವಿನ ಮೇಲೆ ತಪ್ಪು ಹೊರಿಸಿ ಮಾರುವವನನ್ನು ಬಿಟ್ಟುಕೊಡುವ ಮಾತು.

ಇದಕ್ಕೆ ಮೂಲವೇ ಇಲ್ಲವೆಂದಲ್ಲ. 1940ರ ಸುಮಾರಿನಲ್ಲಿ ಕೆನೆತ್ ಕ್ಲಾರ್ಕ್, ಮೇಮಿ ಕ್ಲಾರ್ಕ್ ದಂಪತಿಗಳು ಕಪ್ಪು ಮಕ್ಕಳ ಮುಂದೆ ಒಂದು ಬಿಳಿ, ಒಂದು ಕಂದು ಗೊಂಬೆ ಇಟ್ಟು ಯಾವುದು ಚೆನ್ನ ಎಂದು ಕೇಳಿದರು. ಹೆಚ್ಚಿನವರು ಬಿಳಿಯದನ್ನು ತೋರಿಸಿದರು. ಶಾಲೆಗಳಲ್ಲಿ ವರ್ಣಭೇದ ಕೂಡದೆಂದು 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಲ್ಲಿ ಕ್ಲಾರ್ಕರ ಬರಹದ ಉಲ್ಲೇಖವಿದೆ. ಆದರೆ ಮುಂದಿನ ದಶಕಗಳ ಸಮೀಕ್ಷೆಗಳಲ್ಲಿ ಕಪ್ಪು ಹುಡುಗ ಹುಡುಗಿಯರ ಆತ್ಮಗೌರವ ಬಿಳಿಯರಿಗಿಂತ ಕಡಿಮೆಯೇನೂ ಕಾಣಲಿಲ್ಲ. ತುಸು ಹೆಚ್ಚೇ ಕಂಡಿತು.

ಸೇದುವ ಲೆಕ್ಕವನ್ನೂ ನೋಡಿ. 1970ರ ದಶಕದ ನಡುವೆ ಎರಡೂ ಕಡೆ ಹೆಚ್ಚುಕಡಿಮೆ ಸಮ. 1990ರ ದಶಕದ ಆರಂಭಕ್ಕೆ ಹೈಸ್ಕೂಲಿನ ಕೊನೆಯ ತರಗತಿಯ ಕಪ್ಪು ಮಕ್ಕಳಲ್ಲಿ ದಿನವೂ ಸೇದುವವರು ನೂರಕ್ಕೆ ಸುಮಾರು 5ಕ್ಕೆ ಇಳಿದಿದ್ದರು. ಬಿಳಿಯರಲ್ಲಿ 20ರ ಸುಮಾರು. ಕೀಳರಿಮೆಯ ಕಥೆ ಇಲ್ಲಿ ಎಲ್ಲಿ ನಿಲ್ಲುತ್ತದೆ?

ಆದರೂ ದೊಡ್ಡವರಾಗುತ್ತ ಈ ಅಂತರ ಮುಚ್ಚಿಹೋಗುತ್ತದೆ. ಸೇದುವ ಕಪ್ಪು ಜನರಲ್ಲಿ ನೂರಕ್ಕೆ 80ಕ್ಕೂ ಮೇಲ್ಪಟ್ಟು ಮಂದಿ ಮೆಂಥಾಲ್ ಸಿಗರೇಟಿನವರು. ಮೆಂಥಾಲ್ ಗಂಟಲಿಗೆ ತಂಪು. ಹೊಗೆಯ ಕಾರ ತಿಳಿಯದು, ಹಿಡಿಯುವುದು ಸುಲಭ, ಬಿಡುವುದು ಕಷ್ಟ. ಈ ರುಚಿ ರಕ್ತದಲ್ಲಿ ಬಂದದ್ದಲ್ಲ. ಕಪ್ಪು ಜನರ ಪತ್ರಿಕೆಗಳಲ್ಲಿ, ಜಾಸ್ ಸಂಗೀತೋತ್ಸವಗಳಲ್ಲಿ, ಅವರ ಕೇರಿಗಳ ಗೋಡೆಗಳ ಮೇಲೆ ಕಂಪನಿಗಳು ಹಣ ಸುರಿದವು. ಚೆಂದದ ಉಡುಪು, ತಲೆಯೆತ್ತಿದ ನಿಲುವು, ಕೈಯಲ್ಲಿ ಸಿಗರೇಟು! ಊರು ಕೊಡದ ಮರ್ಯಾದೆಯನ್ನು ಪೊಟ್ಟಣದಲ್ಲಿ ಮಾರಿದರು. ಮೂಲೆಯಂಗಡಿಯವನಿಗೂ ಪೊಟ್ಟಣ ಎದುರಿಗೆ ಜೋಡಿಸಿಡಲು ಕಂಪನಿಯಿಂದ ರಿಯಾಯಿತಿ. (ಅಂಗಡಿಯ ಅಣ್ಣಂದಿರು ಮುನಿಯಬಾರದು, ದೊಡ್ಡ ಲಾಭ ನಿಮ್ಮಂಥವರ ಗಲ್ಲಾಪೆಟ್ಟಿಗೆಗೆ ಬೀಳುವುದಿಲ್ಲ.)

1990ರಲ್ಲಿ ಆರ್.ಜೆ. ರೇನಾಲ್ಡ್ಸ್ ಕಂಪನಿ ಕಪ್ಪು ಜನರಿಗೆಂದೇ 'ಅಪ್‌ಟೌನ್' ಸಿಗರೇಟನ್ನು ಫಿಲಡೆಲ್ಫಿಯಾದಲ್ಲಿ ಇಳಿಸಹೊರಟಿತು. ಊರಿನವರು ಎದ್ದು ನಿಂತರು. ಸ್ವತಃ ಕಪ್ಪು ಜನಾಂಗದವರಾದ ಆರೋಗ್ಯ ಮಂತ್ರಿ ಲೂಯಿಸ್ ಸಲಿವನ್ ಬಹಿರಂಗವಾಗಿ ಖಂಡಿಸಿದರು. ಮಾರಾಟಕ್ಕೆ ಮುನ್ನವೇ ಕಂಪನಿ ಹಿಂದೆಗೆಯಿತು. ಅದೇ ವರ್ಷ ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿ ಪಾದ್ರಿ ಕ್ಯಾಲ್ವಿನ್ ಬಟ್ಸ್ ಜನರನ್ನು ಕರೆದುಕೊಂಡು ಹೋಗಿ ತಂಬಾಕು, ಮದ್ಯದ ಜಾಹೀರಾತು ಫಲಕಗಳಿಗೆ ಬಿಳಿ ಬಣ್ಣ ಬಳಿದರು. ಮಕ್ಕಳಿಗೆ ಮಾನದ ಪಾಠವೆಂದರೆ ನನಗೆ ಕಾಣುವುದು ಆ ಬಣ್ಣದ ಡಬ್ಬಿ.

2009ರ ಕಾನೂನು ಸಿಗರೇಟಿನಲ್ಲಿ ಹಣ್ಣಿನ, ಮಿಠಾಯಿಯ ರುಚಿಗಳನ್ನು ನಿಷೇಧಿಸಿತು, ಮೆಂಥಾಲನ್ನು ಬಿಟ್ಟಿತು. ಅದನ್ನೂ ನಿಷೇಧಿಸುವ ಪ್ರಸ್ತಾಪ 2022ರಲ್ಲಿ ಬಂತು. 2025ರ ಜನವರಿಯಲ್ಲಿ ಸರ್ಕಾರ ಅದನ್ನು ವಾಪಸು ಪಡೆಯಿತು.