ಮರದ ಪ್ರೊಪೆಲರಿನ ಮೈಲೇಪ

ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಮನೆಗಳಲ್ಲಿ, ತುಳುವರ ಆಟಿ ತಿಂಗಳ ಮಳೆಗೆ ಬಾಗಿಲುಗಳು ಉಬ್ಬಿ ಬಿಗಿಯುವುದನ್ನೂ, ಬೇಸಗೆಯಲ್ಲಿ ಅವೇ ಬಾಗಿಲುಗಳು ಸಂದು ಬಿಡುವುದನ್ನೂ ಕಾಣದವರಿಲ್ಲ. ಕಡಿದ ಮೇಲೆಯೂ ಮರವು ನೀರು ಕುಡಿಯುವ ಚಾಳಿಯನ್ನು ಬಿಡದು. ಬಾಗಿಲಿಗಾದರೆ ಬಡಗಿಯ ಕೀಸುಳಿ ಸಾಕು. ವಿಮಾನದ ಪ್ರೊಪೆಲರಿಗೆ ಸಾಲದು. ಮಿನಿಟಿಗೆ ಸಾವಿರಕ್ಕೂ ಮಿಗಿಲಾಗಿ ಸುತ್ತುವ ಅದರ ಒಂದು ಅಲಗು ಇನ್ನೊಂದಕ್ಕಿಂತ ಹೆಚ್ಚು ತೇವ ಹೀರಿತೆಂದರೆ, ತೂಕ ತಪ್ಪಿ ಎಂಜಿನು ನಡುಗುವುದು. ವೈಮಾನಿಕನ ಪ್ರಾಣಕ್ಕೇ ಸಂಚಕಾರ.

ರೈಟ್ ಸೋದರರು 1903ರಲ್ಲಿ ತಮ್ಮ ಸ್ಪ್ರೂಸ್ ಮರದ ಪ್ರೊಪೆಲರುಗಳ ತುದಿಗೆ ಬಟ್ಟೆಯನ್ನು ಅಂಟಿಸಿದ್ದುದು ಮರ ಸೀಳದಿರಲೆಂದು. ಮುಂದೆ ತುದಿಗೂ, ಗಾಳಿಯನ್ನು ಕೊಯ್ಯುವ ಅಂಚಿಗೂ ಹಿತ್ತಾಳೆಯ ತಗಡು ಬಂದಿತು. ಮಳೆಹನಿಗೂ ಮರಳಿಗೂ ಅದು ಗುರಾಣಿ. ಆದರೆ ತಗಡಿನೊಳಗೇ ತೇವ ಸೇರಿದರೆ? ಅದಕ್ಕೆಂದು ತುದಿಯಲ್ಲಿ ಸಣ್ಣ ರಂಧ್ರಗಳನ್ನಿಟ್ಟರು. ತಿರುಗುವ ವೇಗಕ್ಕೆ ನೀರು ತಾನಾಗಿ ಹೊರಚಿಮ್ಮುವುದು. ಉಳಿದ ಮೈಗೆಲ್ಲ ವಾರ್ನಿಷು. ಇದು ಅಂದಕ್ಕೆಂದು ಬಳಿದುದಲ್ಲ. ವಾರ್ನಿಷಿಗೂ ತೂಕವುಂಟಾದ ಕಾರಣ, ಬಳಿದ ಮೇಲೆ ಎರಡು ಅಲಗುಗಳನ್ನೂ ಮತ್ತೆ ಸರಿತೂಗಿಸಬೇಕು. ಕರಾವಳಿಯಲ್ಲಿ ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವವರಿಗೆ ಈ ತಾಪತ್ರಯವಿಲ್ಲ. ಒಂದು ಕೈ ಹೆಚ್ಚು ಬಳಿದರೂ ದೋಣಿ ದೂರದು.

ವಿಮಾನವನ್ನು ನಿಲ್ಲಿಸಿದಾಗ ಮರದ ಪ್ರೊಪೆಲರನ್ನು ಅಡ್ಡಲಾಗಿ ಇರಿಸುವುದೂ ಇದೇ ಕಾರಣದಿಂದ. ನೆಟ್ಟಗೆ ನಿಲ್ಲಿಸಿದರೆ ತೇವವು ಕೆಳಗಿನ ಅಲಗಿಗೆ ಇಳಿಯುವುದು.